ರಾತ್ರಿಯ ಸೊನ್ನೆ ಯಾವ ಲೆಕ್ಕಕ್ಕೆ?

ಹೊಸಪೇಟೆಗೆ ಅಂಟಿಕೊಂಡಿರುವ ಅನಂತಶಯನಗುಡಿಯ ಗರ್ಭಗೃಹ ಅಡ್ಡಕ್ಕೆ ಉದ್ದವಾಗಿದೆ. ನಿಂತ ದೇವರಿಗಾಗಲಿ ಕೂತ ದೇವರಿಗಾಗಲಿ ಅಷ್ಟು ಜಾಗ ಬೇಡ. ಅದು ಮಲಗಿದ ದೇವರ ಅಳತೆಗೆ ಕಟ್ಟಿದ ಕೋಣೆ. ಕೃಷ್ಣದೇವರಾಯ ತನ್ನ ಮಗ ತಿರುಮಲರಾಯನ ಹೆಸರಿನ ಪುರದಲ್ಲಿ 1524ರಲ್ಲಿ ಎಬ್ಬಿಸಿದ ಗುಡಿ ಇದು. ಒಳಗೆ ಇಣುಕಿದವರ ಬಾಯಲ್ಲಿ ಬರುವ ಮಾತು ಒಂದೇ: ‘ದೇವರಿಲ್ಲ.’

ಆ ದೇವರು ಹೊಳಲಿನಲ್ಲಿದ್ದಾನೆ ಎನ್ನುತ್ತಾರೆ ಜನ. ಹೊಳಲು ಹೂವಿನಹಡಗಲಿ ತಾಲ್ಲೂಕಿನ ಊರು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕಥೆ ಹೀಗಿದೆ: ರಾಯನ ಕೋರಿಕೆಗೆ ಒಪ್ಪಿದ ಅನಂತಶಯನ, ‘ನೀ ಮುಂದೆ ನಡಿ, ನಾ ಹಿಂದೆ ಬರ್ತೀನಿ, ತಿರುಗಿ ಮಾತ್ರ ನೋಡಬ್ಯಾಡ’ ಎಂದನಂತೆ. ರಾಯ ತಿರುಗಿ ನೋಡಿದ. ದೇವರು ಹೊಳಲಿನಲ್ಲೇ ಉಳಿದುಬಿಟ್ಟ. ಹೀಗೆ ಒಂದೂರಿಗೆ ದೇವರಿಲ್ಲದ ಗುಡಿ ದಕ್ಕಿತು, ಇನ್ನೊಂದೂರಿಗೆ ರಾಜಧಾನಿಗೆ ಹೋಗದ ದೇವರು ದಕ್ಕಿದ.

ಈ ‘ಇಲ್ಲ’ ಅನ್ನುವ ಮಾತು ಸ್ವಲ್ಪ ವಿಚಿತ್ರದ್ದು. ಹಡಗಲಿ ದಾರಿಯ ಯಾವುದೋ ಜೋಳದ ಹೊಲದಲ್ಲಿ ನಿಂತು ಯಾರೂ ‘ಇಲ್ಲಿ ಅನಂತಶಯನ ಇಲ್ಲ’ ಎನ್ನುವುದಿಲ್ಲ. ಅಲ್ಲೂ ಇಲ್ಲ ನಿಜ, ಆದರೆ ಆ ‘ಇಲ್ಲ’ ಯಾರ ಕಣ್ಣಿಗೂ ಬೀಳುವುದಿಲ್ಲ. ಮಲಗುವ ಅಳತೆಯ ಜಾಗವೊಂದು ಖಾಲಿ ಇದ್ದಾಗ ಮಾತ್ರ ಬೀಳುತ್ತದೆ. ಇಲ್ಲದ್ದನ್ನು ಮನುಷ್ಯ ಕಾಣುವುದು ಹೇಗೆ? ನಮ್ಮ ದರ್ಶನಗಳು ಇದಕ್ಕೆ ‘ಅಭಾವ’ ಎಂದು ಹೆಸರಿಟ್ಟು ಸಾವಿರ ವರ್ಷಕ್ಕೂ ಹೆಚ್ಚು ಕಾಲ ವಾದ ಮಾಡಿವೆ. ಈಗ ಆ ವಾದ ಮನೆಯ ಮಾಳಿಗೆ ಹತ್ತಿದೆ.

ಮಾಳಿಗೆಯ ಮೇಲೆ ಒಂದು ಕಂಬ. ಅದರಲ್ಲಿ ಗಾಳಿಗೆ ತಿರುಗುವ ಮೂರು ಬಟ್ಟಲು, ಮಳೆ ಅಳೆಯುವ ಡಬ್ಬಿ, ನೆರಳಿನ ಗೂಡಿನಲ್ಲಿ ಉಷ್ಣಾಂಶದ ಸೆನ್ಸರ್, ಆಕಾಶಕ್ಕೆ ಮುಖ ಮಾಡಿದ ಅಂಗಿ ಗುಂಡಿಯಷ್ಟು ದೊಡ್ಡ ಬಿಳಿ ಬಿಲ್ಲೆ. ಆ ಬಿಲ್ಲೆಯ ಮೇಲೆ ಬಿದ್ದ ಬಿಸಿಲು ಚದರ ಮೀಟರಿಗೆ ಎಷ್ಟು ವ್ಯಾಟ್ ಎಂಬ ಅಂಕಿಯಾಗಿ ಇಳಿದು ಬರುತ್ತದೆ. ಪಕ್ಕದ ಇನ್ನೊಂದು ಬಿಲ್ಲೆ ನೇರಳಾತೀತ ಕಿರಣದ, ಅಂದರೆ ಯುವಿಯ ಸೂಚ್ಯಂಕ ಕೊಡುತ್ತದೆ. ಮನೆ ಹವಾಮಾನ ಕೇಂದ್ರ ಎಂದು ಮಾರುವ ಈ ಸಾಮಾನು ಹವ್ಯಾಸಿಗಳು, ಮೇಷ್ಟ್ರುಗಳು, ತೋಟ ಮಾಡುವವರ ಮನೆಗಳಲ್ಲಿ ಈಗ ಅಪರೂಪವಲ್ಲ. 5 ನಿಮಿಷಕ್ಕೊಂದು ಸಾಲು ಬರೆದರೆ ದಿನಕ್ಕೆ 288 ಸಾಲು. ಬಿಸಿಲಿನ ಅಂಕಿಯ ಕಾಲಮ್ಮಿನಲ್ಲಿ ಅವುಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಸೊನ್ನೆ. ರಾತ್ರಿ ಸೂರ್ಯ ಇಲ್ಲ.

ಸರಾಸರಿ ತೆಗೆಯಲು ಕೂತ ಕೂಡಲೇ ಈ ಸೊನ್ನೆಗಳು ತಕರಾರು ತೆಗೆಯುತ್ತವೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಒಂದು ದಿನ ಒಂದು ಚದರ ಮೀಟರ್ ಮಾಳಿಗೆಯ ಮೇಲೆ 6 ಯೂನಿಟ್ ಬಿಸಿಲು ಬಿತ್ತು. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಅದನ್ನು 24 ಗಂಟೆಗೆ ಹಂಚಿದರೆ ಸರಾಸರಿ 250 ವ್ಯಾಟ್. ಹಗಲಿನ 12 ಗಂಟೆಗೆ ಹಂಚಿದರೆ 500 ವ್ಯಾಟ್. ಬಿಸಿಲು ಅಷ್ಟೇ, ಸೂರ್ಯ ಅವನೇ, ಮಾಳಿಗೆಯೂ ಅದೇ. ಮೊತ್ತಕ್ಕೆ ಒಂದು ಕಾಳನ್ನೂ ಸೇರಿಸದ ಸೊನ್ನೆ ಸರಾಸರಿಯನ್ನು ಮಾತ್ರ ಅರ್ಧಕ್ಕೆ ಇಳಿಸಿತು.

ಸೊನ್ನೆಯ ಈ ಚೇಷ್ಟೆ ಈ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಸೊನ್ನೆ ಕೂಡಿಸಿದರೆ ಸಂಖ್ಯೆ ಬದಲಾಗದು ಎಂದು ಸರಿಯಾಗಿಯೇ ಹೇಳಿದ. ಸೊನ್ನೆಯಿಂದ ಭಾಗಿಸಿದರೂ ಬದಲಾಗದು ಎಂದ, ಅಲ್ಲಿ ಎಡವಿದ. ಕೂಡುವಾಗ ತೆಪ್ಪಗಿರುವ ಸೊನ್ನೆ ಭಾಗಿಸುವ ಹೊತ್ತಿಗೆ ಬೇರೆಯೇ ವೇಷ ಹಾಕುತ್ತದೆ. ಸರಾಸರಿಯಲ್ಲಿ ಅದು ಮೇಲೆ ಕೂರುವುದಿಲ್ಲ, ಕೆಳಗಿನ ಎಣಿಕೆಯಲ್ಲಿ ಹೋಗಿ ಕೂರುತ್ತದೆ.

‘ಹಾಗಾದರೆ ರಾತ್ರಿಯನ್ನು ಬಿಟ್ಟು ಲೆಕ್ಕ ಹಾಕಿದರಾಯಿತು’ ಎಂದು ಯಾರಾದರೂ ಹೇಳಬಹುದು. ಆಗ ಎದುರಾಗುವ ಪ್ರಶ್ನೆ ಇನ್ನೂ ಹಳೆಯದು: ಹಗಲು ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಕನ್ನಡದಲ್ಲಿ ‘ಹೊತ್ತು’ ಅಂದರೆ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಹುಟ್ಟುತ್ತದೆ, ಹೊತ್ತು ಏರುತ್ತದೆ, ಹೊತ್ತು ಮುಳುಗುತ್ತದೆ. ಹಾಗೆಯೇ ‘ಭಾಳ ಹೊತ್ತಾತು’ ಎಂದು ಕಾಯುವವರು ಗೊಣಗುತ್ತಾರೆ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಎರಡು ಅರ್ಥಗಳು ಒಂದೇ ಜಾಗದಲ್ಲಿ ಕೂಡುತ್ತಿದ್ದವು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಪಡುವಣ ಗೋಡೆಯ ಮೇಲಿರುತ್ತದೆ, ಬರಬರುತ್ತ ಗೋಡೆ ಇಳಿದು ನೆಲಕ್ಕೆ ಬರುತ್ತದೆ, ಒಳಕಲ್ಲನ್ನು ದಾಟುತ್ತದೆ, ಸಂಜೆಗೆ ಮೂಡಣ ಗೋಡೆ ಹತ್ತಿ ಮಾಯವಾಗುತ್ತದೆ. ಆ ಬೆಳಕಿನ ಕೋಲಿನಲ್ಲಿ ಜೋಳದ ಹಿಟ್ಟಿನ ಧೂಳು ಕುಣಿಯುತ್ತಿರುತ್ತದೆ. ಬುತ್ತಿ ಕಟ್ಟುವ ಹೊತ್ತು ಬಿಲ್ಲೆ ಯಾವ ಕಂಬದ ಬುಡದಲ್ಲಿರುತ್ತದೆ ಎಂದು ಮನೆಯ ಹಿರಿಯಳಿಗೆ ಗೊತ್ತಿರುತ್ತದೆ, ಕಾರ್ತಿಕದಲ್ಲಿ ಅದೇ ಬಿಲ್ಲೆ ಯಾವ ಕಡೆ ಸರಿಯುತ್ತದೆ ಎಂಬುದೂ ಗೊತ್ತಿರುತ್ತದೆ.

ಗಡಿಯಾರಕ್ಕೆ ಅಷ್ಟು ಗೊತ್ತಿಲ್ಲ. ಭಾರತದ ಸಮಯ ಪೂರ್ವ ರೇಖಾಂಶ 82.5 ಡಿಗ್ರಿಯದ್ದು. ಹೊಳಲು ಅದಕ್ಕಿಂತ ಪಡುವಣಕ್ಕಿದೆ, ಹಾಗಾಗಿ ಅಲ್ಲಿನ ನಡುಹಗಲು ಗಡಿಯಾರಕ್ಕಿಂತ ಸುಮಾರು 27 ನಿಮಿಷ ತಡ. ಭೂಮಿಯ ಓಟದ ಏರಿಳಿತವೂ ಸೇರಿ ಫೆಬ್ರವರಿ ನಡುವೆ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಸುಮಾರು 12 ಗಂಟೆ 41 ನಿಮಿಷಕ್ಕೆ, ನವೆಂಬರ್ ಆರಂಭದಲ್ಲಿ ಸುಮಾರು 12 ಗಂಟೆ 11 ನಿಮಿಷಕ್ಕೆ. ‘ಬೆಳಿಗ್ಗೆ 6ರಿಂದ ಸಂಜೆ 6’ ಎಂದು ಹಗಲನ್ನು ಕತ್ತರಿಸಿಟ್ಟರೆ ಫೆಬ್ರವರಿಯಲ್ಲಿ ಮುಂಜಾನೆಯ ಮುಕ್ಕಾಲು ಗಂಟೆಗೂ ಹೆಚ್ಚು ಕತ್ತಲು ಹಗಲಿನ ಲೆಕ್ಕಕ್ಕೆ ಬರುತ್ತದೆ, ಸಂಜೆಯ ಅರ್ಧ ಗಂಟೆ ಬಿಸಿಲು ರಾತ್ರಿಯ ಪಾಲಾಗುತ್ತದೆ.

ಸೂರ್ಯೋದಯವನ್ನೇ ಗೆರೆಯಾಗಿ ಇಟ್ಟುಕೊಂಡರೂ ಅದು ಒಂದು ಗೆರೆಯಲ್ಲ. ಬಿಂಬದ ನಡು ಕ್ಷಿತಿಜಕ್ಕೆ ಬಂದಾಗ ಉದಯ ಎನ್ನುವುದು ಒಂದು ರೀತಿ. ಮೇಲಂಚು ಕಂಡಾಗ ಉದಯ ಎನ್ನುವುದು ಇನ್ನೊಂದು ರೀತಿ. ಇಂದಿನ ಖಗೋಳ ಕೋಷ್ಟಕಗಳದ್ದು ಇದೇ. ಎರಡಕ್ಕೂ ಮೂರು ನಾಲ್ಕು ನಿಮಿಷ ಅಂತರ, ಸಂಜೆಗೂ ಅಷ್ಟೇ. ವಾತಾವರಣ ಬೆಳಕನ್ನು ಬಾಗಿಸುವುದರಿಂದ, ಮೂಡಣದಲ್ಲಿ ಮೊದಲ ಕೆಂಪಂಚು ಕಂಡು ಕೈಮುಗಿಯುವ ಕ್ಷಣದಲ್ಲಿ ಸೂರ್ಯನ ಇಡೀ ಬಿಂಬ ಇನ್ನೂ ಕ್ಷಿತಿಜದ ಕೆಳಗೇ ಇರುತ್ತದೆ. ಕಣ್ಣಾರೆ ಕಂಡದ್ದು ಅಲ್ಲಿಲ್ಲ. ಪ್ರತ್ಯಕ್ಷವೇ ಮೊದಲ ಪ್ರಮಾಣ ಎನ್ನುವವರಿಗೆ ದಿನ ಶುರುವಾಗುವುದೇ ಈ ಪೇಚಿನಿಂದ.

ಧರ್ಮಗಳು ಈ ಗೆರೆಯನ್ನು ತಂತಮ್ಮ ಕೆಲಸಕ್ಕೆ ತಕ್ಕಂತೆ ಎಳೆದುಕೊಂಡಿವೆ. ಏಕಾದಶಿಯ ಉಪವಾಸಕ್ಕೆ ಸ್ಮಾರ್ತರು ಸೂರ್ಯೋದಯದ ತಿಥಿ ನೋಡುತ್ತಾರೆ. ಮಾಧ್ವರು ಅದಕ್ಕಿಂತ 4 ಘಳಿಗೆ, ಅಂದರೆ 96 ನಿಮಿಷ ಮೊದಲಿನ ಅರುಣೋದಯ ನೋಡುತ್ತಾರೆ. ಆ ಹೊತ್ತಿಗೆ ದಶಮಿ ಸೋಂಕಿದ್ದರೆ ಅಂದು ಉಪವಾಸವಿಲ್ಲ. ಅದಕ್ಕೇ ಒಂದೇ ಓಣಿಯ ಎರಡು ಮನೆಗಳಲ್ಲಿ ಕೆಲವೊಮ್ಮೆ ಬೇರೆ ಬೇರೆ ದಿನ ಏಕಾದಶಿ. ನವಕಾರಸಿ ಪಾಲಿಸುವ ಜೈನರು ಸೂರ್ಯೋದಯವಾಗಿ 48 ನಿಮಿಷದವರೆಗೆ ಬಾಯಿಗೆ ನೀರೂ ಹಾಕುವುದಿಲ್ಲ. ಮುಸ್ಲಿಮರ ದಿನ ಹೊತ್ತು ಮುಳುಗಿದಾಗಲೇ ಆರಂಭ, ಹೀಗಾಗಿ ಗುರುವಾರದ ರಾತ್ರಿ ಅವರಿಗೆ ಶುಕ್ರವಾರದ ರಾತ್ರಿ. ಮಳೆ ಅಳೆಯುವ ಸರ್ಕಾರಿ ಇಲಾಖೆಗೂ ಒಂದು ದಿನವಿದೆ: ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. ನಿನ್ನೆ ರಾತ್ರಿ ಸುರಿದ ಮಳೆ ಇಂದಿನ ತಾರೀಕಿನಲ್ಲಿ ಅಚ್ಚಾಗುವುದು ಇದರಿಂದಲೇ. ಆರ್ಯಭಟನಂಥವನೇ ಒಂದು ಕಡೆ ದಿನವನ್ನು ಸೂರ್ಯೋದಯದಿಂದ, ಇನ್ನೊಂದು ಕಡೆ ನಡುರಾತ್ರಿಯಿಂದ ಎಣಿಸಿದ ಎಂದು ವರಾಹಮಿಹಿರ ಗುರುತಿಸಿಟ್ಟಿದ್ದಾನೆ.

ಇವರೆಲ್ಲರಿಗೂ ವಿರುದ್ಧ ದನಿಯೊಂದು ಕನ್ನಡದ್ದೇ ಇದೆ. ಹನ್ನೆರಡನೆಯ ಶತಮಾನದ ಶರಣರು ದಿನ, ವಾರ, ಲಗ್ನಗಳ ಒಳ್ಳೆಯದು ಕೆಟ್ಟದ್ದನ್ನು ಸಾರಾಸಗಟು ತಳ್ಳಿಹಾಕಿದರು. ದಿನಕ್ಕೆ ತನ್ನದೇ ಆದ ಗುಣವಿಲ್ಲ, ಅದನ್ನು ಬಳಸುವವನ ನಡತೆಯೇ ಅದರ ಗುಣ ಎಂಬುದು ಅವರ ನಿಲುವು. ಮಾಳಿಗೆಯ ಯಂತ್ರ ಒಂದರ್ಥದಲ್ಲಿ ಶರಣರ ಪಕ್ಷ. ಅದಕ್ಕೆ ಅಮಾವಾಸ್ಯೆಯೂ ಒಂದೇ, ಹುಣ್ಣಿಮೆಯೂ ಒಂದೇ. 288 ಸಾಲು ಬರೆದು ಸುಮ್ಮನಾಗುತ್ತದೆ. ಇದು ಹಗಲು, ಇದು ರಾತ್ರಿ ಎಂದು ಗೆರೆ ಎಳೆಯಬೇಕಾದವನು ಅದನ್ನು ಓದುವ ಮನುಷ್ಯ.

ಗೆರೆ ಎಳೆದ ಮೇಲೂ ಸೊನ್ನೆಯ ತಕರಾರು ಮುಗಿಯುವುದಿಲ್ಲ. ಇಲ್ಲಿ ಏಳನೆಯ ಶತಮಾನದ ಕುಮಾರಿಲ ಭಟ್ಟ ನೆರವಿಗೆ ಬರುತ್ತಾನೆ. ನೆಲದ ಮೇಲೆ ಗಡಿಗೆ ಇಲ್ಲ ಎಂದು ತಿಳಿಯುವುದು ಹೇಗೆ ಎಂಬುದು ಅವನ ಕಾಲದ ದೊಡ್ಡ ಚರ್ಚೆ. ಕಣ್ಣು ನೆಲವನ್ನು ಕಂಡೀತು, ಇಲ್ಲದ ಗಡಿಗೆಯನ್ನು ಕಾಣಲಾರದು. ಹಾಗಾಗಿ ‘ಕಾಣದಿರುವುದು’ ಅಥವಾ ಅನುಪಲಬ್ಧಿಯೇ ಒಂದು ಬೇರೆ ಪ್ರಮಾಣ ಎಂದು ಭಾಟ್ಟ ಮೀಮಾಂಸಕರು ಸಾಧಿಸಿದರು. ಅದ್ವೈತಿಗಳೂ ಇದನ್ನು ಒಪ್ಪಿಕೊಂಡರು. ನೈಯಾಯಿಕರು ಒಪ್ಪಲಿಲ್ಲ, ಅಭಾವವನ್ನು ಒಂದು ಪದಾರ್ಥವೆಂದೇ ಎಣಿಸಿ, ಅದೂ ಪ್ರತ್ಯಕ್ಷಕ್ಕೆ ಸಿಗುತ್ತದೆ ಎಂದರು. ಮಾಧ್ವರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣಗಳಲ್ಲಿ ಇದನ್ನೂ ಅಡಗಿಸಿದರು. ಇನ್ನೊಬ್ಬ ಮೀಮಾಂಸಕ ಪ್ರಭಾಕರನ ಅನುಯಾಯಿಗಳು ಇನ್ನೂ ಮುಂದೆ ಹೋಗಿ, ‘ಇಲ್ಲ’ ಎಂಬ ಬೇರೆ ವಸ್ತುವೇ ಇಲ್ಲ, ಬರಿ ನೆಲ ಕಂಡದ್ದಷ್ಟೇ ಎಂದುಬಿಟ್ಟರು.

ಈ ವಾದದಿಂದ ಮನೆ ಹವಾಮಾನ ಕೇಂದ್ರದವರು ತೆಗೆದುಕೊಳ್ಳಬೇಕಾದ ಮಾತು ‘ಯೋಗ್ಯ ಅನುಪಲಬ್ಧಿ’. ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಎನ್ನುವಂತಿಲ್ಲ. ಇದ್ದಿದ್ದರೆ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲ ಎನ್ನಬಹುದು. ದೀಪ ಹಚ್ಚಿದ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಅನಂತಶಯನಗುಡಿಯ ಗರ್ಭಗೃಹ ದೀಪವಿರುವ ಕೋಣೆ: ಮೂರ್ತಿ ಇದ್ದಿದ್ದರೆ ಅಲ್ಲಿ ಖಂಡಿತ ಕಾಣುತ್ತಿತ್ತು.

ಈಗ ಮಾಳಿಗೆಗೆ ಹೋಗಿ. ರಾತ್ರಿ 2 ಗಂಟೆಗೆ ಸೆನ್ಸರ್ ಸರಿಯಾಗಿದೆ, ಬ್ಯಾಟರಿ ತುಂಬಿದೆ, ಬಿಲ್ಲೆ ಶುಭ್ರವಾಗಿದೆ. ಅಂಕಿ ಸೊನ್ನೆ. ಇದು ಬಿಸಿಲಿನ ಅಭಾವ, ನಿಜವಾದ ‘ಇಲ್ಲ’. ಮರುದಿನ ಬೆಳಿಗ್ಗೆ 11 ಗಂಟೆಗೆ ಬ್ಯಾಟರಿ ಸತ್ತಿತು, ಸಾಲು ಖಾಲಿ ಬಿತ್ತು. ಇದು ಬಿಸಿಲಿನ ಅಭಾವವಲ್ಲ, ದಾಖಲೆಯ ಅಭಾವ. ಯಾವುದರ ಅಭಾವವೋ ಅದಕ್ಕೆ ನೈಯಾಯಿಕರು ‘ಪ್ರತಿಯೋಗಿ’ ಎನ್ನುತ್ತಾರೆ. ಎರಡು ಇಲ್ಲಗಳಿಗೆ ಎರಡು ಪ್ರತಿಯೋಗಿ. ಆದರೆ ಲೆಕ್ಕದ ಹಾಳೆಯಲ್ಲಿ ಖಾಲಿ ಕೋಣೆಯನ್ನು ಸೊನ್ನೆ ಎಂದು ತುಂಬಿಬಿಡುವ ಅಭ್ಯಾಸ ಎಷ್ಟೋ ಜನರಿಗಿದೆ, ಎಷ್ಟೋ ತಂತ್ರಾಂಶಗಳಿಗೂ ಇದೆ. ಸುಡುಬಿಸಿಲಿನ ಎರಡು ಗಂಟೆ ಅಲ್ಲಿ ರಾತ್ರಿಯಾಗುತ್ತದೆ. ಮೂರನೆಯದೊಂದು ಬಗೆಯೂ ಇದೆ: ಬಿಲ್ಲೆಯ ಮೇಲೆ ಪಾರಿವಾಳ ಹಿಕ್ಕೆ ಹಾಕಿ ಹೋಗಿದೆ, ಅಂಕಿ 900 ಇರಬೇಕಾದ ಕಡೆ 300 ಬರುತ್ತಿದೆ. ಇದಕ್ಕೆ ಅಭಾವ ಎನ್ನುವಂತೆಯೂ ಇಲ್ಲ, ಭ್ರಮೆ ಎನ್ನಬೇಕು.

ಪ್ರಭಾಕರನ ಮಾತಿಗೂ ಯಂತ್ರವೊಂದು ಸಾಕ್ಷಿ ಹೇಳುತ್ತದೆ. ಸಂಶೋಧನಾ ಕೇಂದ್ರಗಳಲ್ಲಿ ಬಳಸುವ ಗಾಜಿನ ಗುಮ್ಮಟದ ಬಿಸಿಲುಮಾಪಕಗಳು ತಿಳಿ ಆಕಾಶದ ರಾತ್ರಿಗಳಲ್ಲಿ ಸೊನ್ನೆಗಿಂತ ಕೆಳಗೆ, ಋಣ ಅಂಕಿ ತೋರಿಸುತ್ತವೆ. ಬಿಸಿಲು ಋಣವಾಗುವುದುಂಟೇ? ಗುಮ್ಮಟ ತನ್ನ ಶಾಖವನ್ನು ತಣ್ಣನೆಯ ಆಕಾಶಕ್ಕೆ ಬಿಟ್ಟು ಆರುತ್ತದೆ, ಒಳಗಿನ ಸೆನ್ಸರ್ ತನ್ನ ಶಾಖವನ್ನು ಗುಮ್ಮಟಕ್ಕೆ ಬಿಡುತ್ತದೆ; ಆ ಸೋರಿಕೆಯೇ ಕೆಲವು ವ್ಯಾಟಿನ ಋಣವಾಗಿ ಕಾಣುತ್ತದೆ. ರಾತ್ರಿಯಿಡೀ ಆ ಯಂತ್ರ ಅಳೆಯುವುದು ತನ್ನನ್ನೇ. ಗಡಿಗೆ ಇಲ್ಲದಾಗ ಬರಿ ನೆಲ ಕಂಡ ಹಾಗೆ.

ಭಾರತದ ಬಿಸಿಲಿಗೆ ಅಂಕಿ ಕೊಟ್ಟವರಲ್ಲಿ ಮೊದಲ ಹೆಸರು ಅನ್ನಾ ಮಣಿ ಅವರದು. ಕೇರಳದಲ್ಲಿ 1918ರಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡಿದರು. ಹವಾಮಾನ ಇಲಾಖೆ ಸೇರಿ, 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ದೇಶದಲ್ಲಿ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ನಿವೃತ್ತರಾದ ಮೇಲೆ ಬೆಂಗಳೂರಿಗೆ ಬಂದು, ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ ತಂದರು. ಪಾವಗಡದ ತಿರುಮಣಿಯ ಸುತ್ತ ಎದ್ದ ಎರಡು ಸಾವಿರ ಮೆಗಾವ್ಯಾಟಿನ ಸೌರ ಉದ್ಯಾನದಂಥ ಯೋಜನೆಗಳ ಹಿಂದೆ ಇಂಥ ಅಂಕಿಗಳ ದೀರ್ಘ ಪರಂಪರೆಯಿದೆ. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ವಾಸಿ ಎಂಬುದು ಅವರು ಬಿಡದೆ ನಂಬಿದ್ದ ಮಾತು. ಕುಮಾರಿಲನ ಯೋಗ್ಯತೆಯ ಷರತ್ತನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಹಾಗಾದರೆ ರಾತ್ರಿಯ ಸೊನ್ನೆಯನ್ನು ಬಿಡಬೇಕೋ ಇಡಬೇಕೋ? ಉತ್ತರ ಪ್ರಶ್ನೆ ಕೇಳುವವನ ಕೈಯಲ್ಲಿದೆ. ಇನ್ನೊಂದು ಲೆಕ್ಕ ನೋಡಿ. 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಹೊಳಲಿಗೆ ಡಿಸೆಂಬರಿನ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 14 ನಿಮಿಷ, ಜೂನಿನ ಅತಿ ಉದ್ದ ಹಗಲು ಸುಮಾರು 13 ಗಂಟೆ. ಡಿಸೆಂಬರಿನ ತಿಳಿ ಆಕಾಶದ ಒಂದು ದಿನವೂ ಜೂನಿನ ಮೋಡದ ಒಂದು ದಿನವೂ ತಲಾ 5.2 ಯೂನಿಟ್ ಬಿಸಿಲು ಕೊಟ್ಟವು ಎನ್ನೋಣ. ಹಗಲಿನ ಸರಾಸರಿ ಡಿಸೆಂಬರಿಗೆ 463 ವ್ಯಾಟ್, ಜೂನಿಗೆ 400. ಇಡೀ ದಿನದ ಸರಾಸರಿ ಎರಡಕ್ಕೂ 217. ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸಿದವನಿಗೆ, ಬೆಳೆಗೆ ಸಿಕ್ಕ ಒಟ್ಟು ಬಿಸಿಲು ಬೇಕಾದವನಿಗೆ ಎರಡನೆಯ ಲೆಕ್ಕ ಸರಿ. ಅಲ್ಲಿ ರಾತ್ರಿಯನ್ನು ಬಿಟ್ಟರೆ ಜೂನಿಗೆ ಅನ್ಯಾಯ. ಹಗಲಲ್ಲಿ ಬಿಸಿಲು ಎಷ್ಟು ಖಾರವಿತ್ತು ಎಂದು ಕೇಳುವವನಿಗೆ ಮೊದಲ ಲೆಕ್ಕ ಸರಿ. ಅಲ್ಲಿ ರಾತ್ರಿಯನ್ನು ಸೇರಿಸಿದರೆ ಹಗಲಿಗೆ ಅನ್ಯಾಯ. ಸೊನ್ನೆ ಎರಡೂ ಕಡೆ ಸತ್ಯವನ್ನೇ ಹೇಳುತ್ತಿದೆ. ಒಂದು ಕಡೆ ಅದು ಉತ್ತರದ ಭಾಗ, ಇನ್ನೊಂದು ಕಡೆ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ.

ಯುವಿಯ ವಿಷಯದಲ್ಲಿ ಈ ವ್ಯತ್ಯಾಸ ಚರ್ಮದ ಮೇಲೆಯೇ ಮೂಡುತ್ತದೆ. 1992ರಲ್ಲಿ ಕೆನಡಾದಲ್ಲಿ ಶುರುವಾಗಿ ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆ ಒಪ್ಪಿದ ಈ ಸೂಚ್ಯಂಕದಲ್ಲಿ 2ರವರೆಗೆ ಕಡಿಮೆ, 3ರಿಂದ ಎಚ್ಚರ, 8ರಿಂದ ಬಹಳ ಹೆಚ್ಚು, 11ರಿಂದ ಮೇಲಕ್ಕೆ ವಿಪರೀತ. ಏಪ್ರಿಲ್‌ನ ಒಂದು ದಿನ ನಡುಹಗಲಲ್ಲಿ ಸೂಚ್ಯಂಕ 12 ಮುಟ್ಟಿ, ದಿನದ ಒಟ್ಟು 60 ಸೂಚ್ಯಂಕ-ಗಂಟೆ ಆಯಿತೆಂದು ಹಿಡಿದರೆ, 24 ಗಂಟೆಯ ಸರಾಸರಿ 2.5. ಹಗಲಿನ 12 ಗಂಟೆಯ ಸರಾಸರಿ 5. ಮಟಮಟ ಮಧ್ಯಾಹ್ನ ಹೊಲದಲ್ಲಿ ಬಗ್ಗಿ ಕಳೆ ತೆಗೆಯುತ್ತಿರುವ ಹೆಣ್ಣುಮಗಳ ಕತ್ತಿನ ಮೇಲೆ ಬೀಳುತ್ತಿರುವುದು 2.5 ಅಲ್ಲ, 5 ಅಲ್ಲ, 12. ಇಲ್ಲಿ ರಾತ್ರಿಯ ಸೊನ್ನೆಯ ಜೊತೆಗೆ ಮುಂಜಾನೆಯ ಎಳೆಬಿಸಿಲೂ ಸುಳ್ಳು ಹೇಳುತ್ತದೆ. ಅದಕ್ಕೇ ಯುವಿಯಲ್ಲಿ ದಿನದ ಗರಿಷ್ಠವನ್ನೇ ಮೊದಲು ಹೇಳುವ ಪದ್ಧತಿ.

ಇನ್ನೊಂದು ಮೋಸವೂ ಇದೆ. ಝಳ ಹೆಚ್ಚುವುದು ಮಧ್ಯಾಹ್ನ 3ರ ಆಸುಪಾಸಿಗೆ, ಯುವಿ ಏರುವುದು ಹನ್ನೆರಡೂವರೆಗೆ. ‘ಬಿಸಿಲು ಇಳೀಲಿ’ ಎಂದು ಮೂರು ಗಂಟೆಗೆ ನೆರಳು ಹುಡುಕುವವರು ಅದಕ್ಕಿಂತ ಕೆಟ್ಟ ಹೊತ್ತನ್ನು ಬಯಲಲ್ಲೇ ಕಳೆದಿರುತ್ತಾರೆ. ಹಡಗಲಿಯ ಮಲ್ಲಿಗೆ ಮೊಗ್ಗು ಬಿಡಿಸುವವರು ಹೊತ್ತೇರುವ ಮೊದಲೇ ತೋಟದಿಂದ ಹೊರಬರುತ್ತಾರೆ. ಅದು ಹೂವಿನ ಬಾಡುವಿಕೆಗೆ ಹೆದರಿ, ಆದರೆ ಲಾಭ ಚರ್ಮಕ್ಕೂ ಇದೆ. ಯಂತ್ರವಿಲ್ಲದವರಿಗೆ ನೆರಳೇ ಸಾಕು: ನೆರಳು ಆಳಿಗಿಂತ ಗಿಡ್ಡವಾದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ತಲೆಗೆ ಬಟ್ಟೆ ಬೇಕು. ಮಸೀದಿಗಳಲ್ಲಿ ಅಸರ್ ನಮಾಜಿನ ಹೊತ್ತನ್ನು ಗೊತ್ತುಮಾಡಿದ್ದೂ ಇಂಥದೇ ನೆರಳಿನ ಉದ್ದದಿಂದ.

ಈ ಸೀಮೆಯ ದೇವರುಗಳಿಗೂ ಹೊತ್ತಿನ ನಂಟಿದೆ. ಇದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ, ಗದ್ದಲವನ್ನು ಒಂದೇ ಕೂಗಿಗೆ ಅಡಗಿಸಿ, ಒಂದು ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಇಡೀ ವರ್ಷದ ಮಳೆ ಬೆಳೆಯನ್ನು ಆ ಒಂದು ಸಾಲಿನಲ್ಲಿ ಜನ ಓದಿಕೊಳ್ಳುತ್ತಾರೆ. ಅದೂ ಒಂದು ಬಗೆಯ ಸಾರಾಂಶವೇ. ವ್ಯತ್ಯಾಸವೆಂದರೆ, ಅದರ ಅರ್ಥ ಏನೆಂದು ಜಗಳಾಡುವ ಹಕ್ಕನ್ನು ಕೇಳಿದವರು ಬಿಟ್ಟುಕೊಟ್ಟಿಲ್ಲ. ತಂತ್ರಾಂಶ ಉದುರಿಸುವ ಸರಾಸರಿಯ ಮುಂದೆ ಅಂಥ ಜಗಳ ಯಾರೂ ತೆಗೆಯುವುದಿಲ್ಲ.

ಮೈಲಾರಲಿಂಗನಿಗೆ ಮಾರ್ತಾಂಡ ಭೈರವ ಎಂಬ ಹೆಸರೂ ಇದೆ. ಅವನ ವಾರ ಭಾನುವಾರ. ಮಾರ್ತಾಂಡ ಅಂದರೆ ಸೂರ್ಯ, ಸತ್ತ ಮೊಟ್ಟೆಯಿಂದ ಬಂದವನು. ಅದಿತಿ ತನ್ನ ಎಂಟನೆಯ ಮಗನನ್ನು ದೂರ ಎಸೆದಳು, ಹುಟ್ಟಲಿಕ್ಕೂ ಸಾಯಲಿಕ್ಕೂ ಮತ್ತೆ ಕರೆತಂದಳು ಎನ್ನುತ್ತದೆ ಋಗ್ವೇದ. ದಿನಾ ಸಾಯುವ ದೇವರು ಇವನು. ಆದರೆ ಋಗ್ವೇದದ್ದೇ ಆದ ಐತರೇಯ ಬ್ರಾಹ್ಮಣ ಇನ್ನೊಂದು ಮಾತು ಸೇರಿಸಿದೆ: ಸೂರ್ಯ ನಿಜವಾಗಿ ಮುಳುಗುವುದೂ ಇಲ್ಲ, ಹುಟ್ಟುವುದೂ ಇಲ್ಲ, ಮುಳುಗಿದ ಎಂದು ಜನ ತಿಳಿದಾಗ ಅವನು ತಿರುಗಿಕೊಂಡಿರುತ್ತಾನೆ, ಈ ಕಡೆ ರಾತ್ರಿಯನ್ನೂ ಆ ಕಡೆ ಹಗಲನ್ನೂ ಮಾಡುತ್ತಾನೆ. ಛಾಂದೋಗ್ಯ ಉಪನಿಷತ್ತು, ತಿಳಿದವನಿಗೆ ಸದಾ ಹಗಲೇ ಎಂದು ಅದನ್ನೇ ಮನುಷ್ಯನ ಒಳಗಿನ ಮಾತಾಗಿಸಿತು. ಅಭಾವಕ್ಕೆ ಪ್ರತಿಯೋಗಿ ಹೇಗೋ ಹಾಗೆ ಜಾಗವೂ ಬೇಕು. ಮಾಳಿಗೆಯ ಸೊನ್ನೆ ಸೂರ್ಯನ ಸೊನ್ನೆಯಲ್ಲ, ಆ ಮಾಳಿಗೆಯ ಸೊನ್ನೆ.

ಹೊಳಲಿನ ಅನಂತಶಯನನದ್ದು ಇನ್ನೊಂದು ಲೆಕ್ಕ. ಆಷಾಢದ ಏಕಾದಶಿಯಿಂದ ಕಾರ್ತಿಕದ ಏಕಾದಶಿಯವರೆಗೆ ವಿಷ್ಣು ನಾಲ್ಕು ತಿಂಗಳು ಮಲಗುತ್ತಾನೆ ಎಂಬುದು ನಂಬಿಕೆ. ಬಿಸಿಲಿನ ಅಂಕಿಯ ಕಾಲಮ್ಮು ನೋಡಿದರೆ, ಈ ಸೀಮೆಯ ಆಕಾಶದಲ್ಲಿ ಮೋಡ ಓಡಾಡುವ ತಿಂಗಳುಗಳೂ ಹೆಚ್ಚುಕಡಿಮೆ ಅವೇ. ಆದರೆ ಮಲಗಿದ ದೇವರನ್ನು ‘ಇಲ್ಲ’ ಎನ್ನುವ ಭಕ್ತರಿಲ್ಲ, ಪೂಜೆಯೂ ನಿಲ್ಲುವುದಿಲ್ಲ. ಯುವಿಯೂ ಹಾಗೆಯೇ: ತೆಳು ಮೋಡ ಅದರ ಬಹುಪಾಲನ್ನು ತಡೆಯದೆ ಬಿಡುತ್ತದೆ. ಚದುರಿದ ಬಿಳಿ ಮೋಡಗಳ ಅಂಚಿನಿಂದ ಬೆಳಕು ಪ್ರತಿಫಲಿಸಿ, ಕೆಲ ನಿಮಿಷ ಬಿಸಿಲಿನ ಅಂಕಿ ತಿಳಿ ಆಕಾಶದ ದಿನಕ್ಕಿಂತ ಮೇಲೆ ಜಿಗಿಯುವುದೂ ಉಂಟು. ಆ ಒಂದು ಜಿಗಿತ ಕಂಡು ‘ವರ್ಷದ ಅತಿ ಬಿಸಿಲಿನ ದಿನ ಜುಲೈನಲ್ಲಿ’ ಎಂದು ಬರೆದರೆ ಗರಿಷ್ಠವೂ ಸುಳ್ಳಾಗುತ್ತದೆ.

ಆದ್ದರಿಂದ ಮಾಳಿಗೆಯ ಮೇಲೆ ಯಂತ್ರ ಇಟ್ಟವರಿಗೆ ಹೇಳಬೇಕಾದದ್ದು ಸರಳ. ಹಾಳೆಯ ತಲೆಯ ಮೇಲೆ ಮೊದಲು ಎರಡು ಸಾಲು ಬರೆಯಿರಿ: ಇಲ್ಲಿ ಹಗಲು ಅಂದರೆ ಯಾವ ಗೆರೆಯಿಂದ ಯಾವ ಗೆರೆಗೆ, ಇಲ್ಲಿ ಸೊನ್ನೆ ಅಂದರೆ ಏನು, ಖಾಲಿ ಅಂದರೆ ಏನು. ಆಯಾ ದಿನದ ಉದಯಾಸ್ತಕ್ಕೆ ಹಗಲನ್ನು ಹೊಂದಿಸಿ. ಖಾಲಿಯನ್ನು ಸೊನ್ನೆ ಮಾಡಬೇಡಿ. ಒಟ್ಟು ಬಿಸಿಲನ್ನು ಯೂನಿಟ್‌ನಲ್ಲಿ ಒಂದು ಕಡೆ, ಹಗಲಿನ ಸರಾಸರಿಯನ್ನು ಇನ್ನೊಂದು ಕಡೆ, ಯುವಿಯ ಗರಿಷ್ಠವನ್ನು ಅದರ ಹೊತ್ತಿನ ಸಮೇತ ಮತ್ತೊಂದು ಕಡೆ ಇಡಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಬಿಲ್ಲೆ ಒರೆಸಿ.

ಯಂತ್ರವಿಲ್ಲದವರು ಒಂದು ನೇರ ಕೋಲು ನೆಟ್ಟರೂ ಆದೀತು. ಹೊಳಲಿನ ನೆತ್ತಿಗೆ ಸೂರ್ಯ ವರ್ಷಕ್ಕೆ ಎರಡು ಸಲ ನೇರ ಬರುತ್ತಾನೆ: ಏಪ್ರಿಲ್ ಮುಗಿದು ಮೇ ಹುಟ್ಟುವ ದಿನಗಳಲ್ಲಿ ಒಮ್ಮೆ, ಆಗಸ್ಟಿನ ಎರಡನೆಯ ವಾರದಲ್ಲಿ ಇನ್ನೊಮ್ಮೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಸುಮಾರು 12 ಗಂಟೆ 24 ನಿಮಿಷಕ್ಕೆ ಕೋಲಿಗೆ ನೆರಳಿರುವುದಿಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಗಸ್ಟಿನಲ್ಲಿ ಸುಮಾರು 12 ಗಂಟೆ 32 ನಿಮಿಷಕ್ಕೂ ನೆರಳಿರುವುದಿಲ್ಲ. ಸೂರ್ಯ ನೆತ್ತಿಯ ಮೇಲಿರುವುದರಿಂದಲೋ, ಮೋಡ ಕವಿದಿರುವುದರಿಂದಲೋ ತಲೆಯೆತ್ತಿ ನೋಡಿ ಬರೆದುಕೊಳ್ಳಬೇಕು.